ಹಾಡಿನಲ್ಲಿ ಬಿಟ್ಟುಹೋದವಳು

ಆಂಟಿಯ ಎರಡೂ ಪಾದಗಳ ಎರಡನೆಯ ಬೆರಳಿನ ಬುಡದಲ್ಲಿ ಬೆಳ್ಳಗೆ ಒಂದು ಸುತ್ತು ಗುರುತಿತ್ತು. ಮದುವೆಯ ದಿನದಿಂದ ಅಂಕಲ್ ತೀರಿಕೊಳ್ಳುವವರೆಗೂ ಕಾಲುಂಗುರ ಇದ್ದ ಜಾಗ ಅದು. ಉಂಗುರ ತೆಗೆದು ವರ್ಷಗಳೇ ಕಳೆದಿದ್ದರೂ ಚರ್ಮ ಅಲ್ಲಿ ತಗ್ಗಾಗಿಯೇ ಉಳಿದಿತ್ತು. ಅಂಗಡಿಯಲ್ಲಿ ಸದಾ ಕಾಲುಚೀಲ, ಬೂಟು ಹಾಕಿರುತ್ತಿದ್ದರಿಂದ ನನಗೆ ಅದು ಕಂಡಿರಲಿಲ್ಲ. ಕಂಡದ್ದು ಅವರು ಮೊದಲ ಸಲ ಟ್ಯಾಂಗೋ ಕುಣಿಯುವ ಚಪ್ಪಲಿ ತೊಟ್ಟ ದಿನ. ಮುಂದೆ ಬೆರಳು ಕಾಣುವ, ಹಿಂದೆ ಹಿಮ್ಮಡಿ ಎತ್ತರದ ಕಪ್ಪು ಚಪ್ಪಲಿ. ಅರವತ್ತು ದಾಟಿದ ಧಾರವಾಡದ ಹೆಂಗಸು ಬೆಂಚಿನ ಮೇಲೆ ಕೂತು, ಬಗ್ಗಿ, ಉಸಿರು ಬಿಗಿಹಿಡಿದು ಅದರ ಪಟ್ಟಿ ಎಳೆಯುತ್ತಿದ್ದರು. ನಾನು ಬೆರಳನ್ನೇ ನೋಡುತ್ತಿರುವುದು ಗೊತ್ತಾಗಿ, "ಅದನ್ನೇನ ನೋಡ್ತೀ, ಅದು ಹೋಗಂಗಿಲ್ಲ," ಎಂದು ಮತ್ತೆ ಪಟ್ಟಿಯ ಕಡೆ ತಿರುಗಿದರು.

ಅಮೆರಿಕಾದ ಡಾಲಸ್ ಪಕ್ಕದ ರಿಚರ್ಡ್‌ಸನ್ನಿನಲ್ಲಿ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಅವರದೊಂದು ಡ್ರೈ ಕ್ಲೀನಿಂಗ್ ಅಂಗಡಿ. ಗಂಡ ಹೆಂಡತಿ ಸೇರಿ ನಡೆಸುತ್ತಿದ್ದದ್ದು, ಅಂಕಲ್ ಹೋದ ಮೇಲೆ ಆಂಟಿಯೇ ನಡೆಸುತ್ತಿದ್ದರು. ಮಗಳು ಮದುವೆಯಾಗಿ ಬೇರೆ ಊರಲ್ಲಿದ್ದಳು. ಟೆಲಿಕಾಂ ಕಂಪನಿಗಳ ಮ್ಯಾನೇಜರುಗಳ ಅಂಗಿ, ಯೂನಿವರ್ಸಿಟಿ ಪ್ರೊಫೆಸರುಗಳ ಕೋಟು, ನಮ್ಮವರ ರೇಷ್ಮೆ ಸೀರೆ, ಎಲ್ಲ ಅಲ್ಲಿಗೇ ಬರುತ್ತಿದ್ದವು. ಕೌಂಟರಿನ ಹಿಂದೆ ನಿಂತಾಗ ಆಂಟಿ ಎಂಥವನ ಕಣ್ಣನ್ನಾದರೂ ನೇರ ನೋಡಿ ಮಾತಾಡುತ್ತಿದ್ದರು. ಕೋಟಿನ ಗುಂಡಿ ಒಡೆದಿದ್ದೀರಿ ಎಂದು ಜಗಳಕ್ಕೆ ಬಂದ ಆರಡಿ ಎತ್ತರದ ಆಸಾಮಿಯೊಬ್ಬ ಐದೇ ನಿಮಿಷದಲ್ಲಿ ಕ್ಷಮೆ ಕೇಳಿ ಹೋದದ್ದನ್ನು ನಾನೇ ನೋಡಿದ್ದೇನೆ. ಈ ಮಾತು ಮೊದಲೇ ಹೇಳಿಬಿಟ್ಟಿರುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರು ಆಂಟಿಯನ್ನು ಪಾಪದ ಮೂಗಿ ಅಂದುಕೊಂಡುಬಿಡುತ್ತಾರೆ. ಅಂಥವರಲ್ಲ ಅವರು.

ನನಗೆ ಅವರ ಪರಿಚಯವಾದದ್ದು ನನ್ನ ಗಂಡನ ಬ್ಲೇಜರಿನಿಂದ. ನಾನು ಮೈಸೂರಿನವಳು, ಇಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬಾಯಿ ಸ್ವಲ್ಪ ಜೋರು ಅಂತ ನಮ್ಮಮ್ಮನೇ ಹೇಳುತ್ತಿದ್ದಳು. ನನ್ನ ಗಂಡನಿಗೆ ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಆತ ಅಲ್ಲಿಗೆ ಶಿಫ್ಟ್ ಆದ. ಸದ್ಯಕ್ಕೆ ನೀನು ಇಲ್ಲೇ ಇರು, ಮನೆ ನೋಡಿ ಕರೆಸಿಕೊಳ್ಳುತ್ತೇನೆ ಅಂದಿದ್ದ. ಆ ಸದ್ಯ ಎನ್ನುವುದು ಚಳಿಗಾಲ ಕಳೆದು ಬೇಸಿಗೆಗೆ ಬಂತು, ಬೇಸಿಗೆ ಕಳೆದು ಮತ್ತೆ ಚಳಿಗಾಲಕ್ಕೆ ಬಂತು. ಅವನ ಬ್ಲೇಜರನ್ನು ನಾನು ತೊಳೆಯಲು ಹಾಕಿದ್ದೆ, ಮುಂದಿನ ಸಲ ಬಂದಾಗ ಒಯ್ಯಲಿ ಎಂದು. ಅವನು ಬರಲಿಲ್ಲ, ಅದು ಆಂಟಿಯ ಅಂಗಡಿಯಲ್ಲೇ ಪ್ಲಾಸ್ಟಿಕ್ ಹೊದ್ದು ತೂಗುತ್ತಿತ್ತು. ಯಾರೂ ಒಯ್ಯದ ಬಟ್ಟೆಯನ್ನು ಇಷ್ಟು ದಿನವಾದ ಮೇಲೆ ದಾನಕ್ಕೆ ಕೊಡುತ್ತೇವೆ ಎಂದು ಗೋಡೆಯ ಮೇಲೆ ಬೋರ್ಡು ಹಾಕಿದ್ದರು. ಆದರೆ ಆಂಟಿ ಒಂದನ್ನೂ ಕೊಟ್ಟವರಲ್ಲ. ಹಿಂದಿನ ಕೋಣೆಯಲ್ಲಿ ಒಂದು ಸಾಲಿಗೆ ಸಾಲು ಹಾಗೇ ನೇತಾಡುತ್ತಿತ್ತು. ಯಾಕೆ ಎಂದು ಕೇಳಿದರೆ, ನಾಳೆ ಬಂದು ಕೇಳಿದರೆ ಏನು ಹೇಳಲಿ ಎನ್ನುತ್ತಿದ್ದರು.

ಆ ಹಿಂದಿನ ಕೋಣೆಯಲ್ಲೇ ಟ್ಯಾಂಗೋ ಶುರುವಾದದ್ದು. ಅಲ್ಲಿ ಇಸ್ತ್ರಿ ಯಂತ್ರದ ಮುಂದೆ ಬಹಳ ವರ್ಷದಿಂದ ಮೆಕ್ಸಿಕೋದ ಹೆಂಗಸೊಬ್ಬಳು ಕೆಲಸಕ್ಕಿದ್ದಳು. ಅವಳ ಅಪ್ಪನಿಗೆ ಹಳೆಯ ಟ್ಯಾಂಗೋ ಹಾಡುಗಳ, ಅಂದರೆ ಅರ್ಜೆಂಟೀನಾದ ಜೋಡಿ ಕುಣಿತದ ಹಾಡುಗಳ ಹುಚ್ಚಂತೆ, ಅಪ್ಪ ಸತ್ತ ಮೇಲೆ ಅವಳಿಗೂ ಅದು ಅಂಟಿಕೊಂಡಿತ್ತು. ಉಗಿಯ ಸದ್ದಿನ ನಡುವೆ ಅವಳ ಟೇಪ್ ರೆಕಾರ್ಡರಿನಲ್ಲಿ ಗಂಡಸೊಬ್ಬ ಎದೆ ಬಿರಿಯುವಂತೆ ಹಾಡುತ್ತಿದ್ದ. ವರ್ಷಗಟ್ಟಲೆ ಅದನ್ನು ಕೇಳಿಯೂ ಕೇಳದಂತಿದ್ದ ಆಂಟಿ, ಅಂಕಲ್ ಹೋದ ಮೇಲೆ ಒಂದು ದಿನ ಸುಮ್ಮನೆ ಕೇಳಿದರಂತೆ, ಇವನು ಏನು ಹೇಳುತ್ತಾನೆ ಎಂದು. ಇವನ ಹೆಂಡತಿ ಇವನನ್ನು ಬಿಟ್ಟುಹೋಗಿದ್ದಾಳೆ, ಅಳುತ್ತಿದ್ದಾನೆ ಎಂದಳಂತೆ ಅವಳು. ಮುಂದಿನ ಹಾಡು? ಇವನನ್ನೂ ಬಿಟ್ಟುಹೋಗಿದ್ದಾಳೆ. ಅದರ ಮುಂದಿನದು? ಇವನು ಹಳೆಯ ಕೇರಿಗೆ ವಾಪಸು ಬಂದಿದ್ದಾನೆ, ಅವಳ ಮನೆ ಕಿಟಕಿ ಮುಚ್ಚಿದೆ, ಅಳುತ್ತಿದ್ದಾನೆ.

ಆಂಟಿ ಇದನ್ನು ಹೇಳಿದಾಗ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂದೆ ನಾನು. ಆಂಟಿ ನಗಲಿಲ್ಲ. ಸೀರೆಯೊಂದರ ಸೆರಗು ಮಡಚುತ್ತಾ, "ಗಂಡಸರು ಹಿಂಗೂ ಅಳತಾರೇನು?" ಎಂದರು. ತಮಾಷೆಗೆ ಅಂದದ್ದಲ್ಲ, ನಿಜವಾಗಿ ಕೇಳಿದ್ದು.

ಅಂಕಲ್ ಕೆಟ್ಟವರೇನಲ್ಲ. ಕುಡಿತವಿಲ್ಲ, ಸಿಡುಕಿಲ್ಲ, ದನಿ ಏರಿಸಿದವರೂ ಅಲ್ಲ. ಆದರೆ ಏನನ್ನೂ ಕೇಳಿದವರಲ್ಲ. ಬಾ, ನಡಿ, ಕೂಡು, ಇಷ್ಟೇ. ಒಂದು ಸಂಜೆ ಮನೆಗೆ ಬಂದು ಸಾಮಾನು ಕಟ್ಟು ಅಂದರಂತೆ, ಕಟ್ಟಿದರು, ಅಮೆರಿಕಾಕ್ಕೆ ಬಂದರು. ಅಂಗಡಿ ಕೊಂಡಾಗಲೂ ಹಾಗೆಯೇ, ನಾಳೆಯಿಂದ ಕೌಂಟರಿಗೆ ನೀನು ಅಂದರು, ನಿಂತರು. "ನಮ್ಮ ಮನ್ಯಾವರು ಸತ್ತಾಗ ನಾ ಅತ್ತೆ," ಎಂದು ಆಂಟಿ ಒಮ್ಮೆ ನನಗೆ ಹೇಳಿದ್ದರು. "ನಾ ಮೊದಲ ಹೋಗಿದ್ರ ಅವರು ಅಳತಿದ್ರೋ ಇಲ್ಲೋ, ಅದು ನನಗ ಗೊತ್ತಿಲ್ಲ ನೋಡು." ಒಂದು ಇಡೀ ಸಂಸಾರ ಮಾಡಿ ಮುಗಿಸಿದ ಮೇಲೂ ಅಷ್ಟು ಗೊತ್ತಿಲ್ಲ. ನನ್ನದೂ ಅದೇ ದಾರಿಯಲ್ಲಿತ್ತಲ್ಲ.

ಹಾಡುಗಳ ವಿಷಯದಲ್ಲಿ ಅವರದೊಂದು ತಕರಾರೂ ಇತ್ತು. ಎಲ್ಲ ಹಾಡಿನಲ್ಲೂ ಗಂಡಸೇ ಅಳುತ್ತಾನೆ, ಎಲ್ಲ ಹಾಡಿನಲ್ಲೂ ಅವಳು ಕಲ್ಲುಮನಸ್ಸಿನವಳು, ತಿರುಗಿ ನೋಡದೆ ಹೋದವಳು. "ಆಕಿ ಏನಂತಾಳ, ಅದನ್ನ ಒಬ್ಬರರೆ ಕೇಳ್ಯಾರೇನು?" ಎಂದು ಇಸ್ತ್ರಿಯವಳನ್ನು ದಬಾಯಿಸುತ್ತಿದ್ದರು, ಅವಳೇ ಹಾಡು ಬರೆದವಳೇನೋ ಅನ್ನುವಂತೆ. ಅವಳು ಭುಜ ಕುಣಿಸಿ ಇನ್ನೊಂದು ಅಂಗಿಗೆ ಉಗಿ ಹಾಯಿಸುತ್ತಿದ್ದಳು.

ಅಂಗಡಿಗೆ ಉಡುಪು ಹಾಕುತ್ತಿದ್ದ ಡ್ಯಾನ್ಸ್ ಟೀಚರ್ ಒಬ್ಬಳು ಡಾಲಸ್‌ನಲ್ಲಿ ಟ್ಯಾಂಗೋ ತರಗತಿ ನಡೆಸುತ್ತಿದ್ದಳು. ಆಂಟಿ ಒಬ್ಬರೇ ಹೋಗಲು ಸಂಕೋಚಪಟ್ಟು ನನ್ನನ್ನು ಎಳೆದುಕೊಂಡು ಹೋದರು. ಶನಿವಾರ ಭಾನುವಾರ ಫೋನು ಹಿಡಿದುಕೊಂಡು ಗಂಡನ ಮೆಸೇಜಿಗೆ ಕಾಯುವುದಕ್ಕಿಂತ ಇದು ವಾಸಿ ಎಂದು ನಾನೂ ಹೋದೆ. ನನಗಿಂತ ಆಂಟಿಗೇ ಬೇಗ ಬಂತು. ಅವರು ಎದುರಿನವರ ಎದೆಯ ಸಣ್ಣ ತಿರುವನ್ನೂ ತಿಳಿದು ಹೆಜ್ಜೆ ಇಡುತ್ತಿದ್ದರು. ತರಗತಿಯಲ್ಲಿ ಜೊತೆಗಾರರನ್ನು ಸರದಿಯ ಮೇಲೆ ಬದಲಾಯಿಸುತ್ತಾರೆ, ಹಾಗಾಗಿ ಅವರಿಗೆ ಎಲ್ಲರ ಜೊತೆಯೂ ಕುಣಿತ ಸಿಕ್ಕಿತು. ಆದರೆ ಅದು ಅವರಿಗೆ ಲೆಕ್ಕಕ್ಕಿಲ್ಲ. ಪಾಳಿ ಬಂತಂತ ಬಂದವರು ಬಂದರೇನು ಬಿಟ್ಟರೇನು ಎನ್ನುತ್ತಿದ್ದರು.

ಅವರಿಗೆ ಬೇಕಾದದ್ದು ಮಿಲೋಂಗಾದಲ್ಲಿತ್ತು. ಮಿಲೋಂಗಾ ಅಂದರೆ ಟ್ಯಾಂಗೋ ಮಂದಿ ಸೇರಿ ಕುಣಿಯುವ ಕೂಟ. ಅಲ್ಲಿ ಯಾರೂ ಬಂದು ಕೈಚಾಚಿ ಕರೆಯುವುದಿಲ್ಲ. ಮೂರು ನಾಲ್ಕು ಹಾಡಿನ ಒಂದು ಸುತ್ತು ಮುಗಿದು ಮುಂದಿನ ಸುತ್ತು ಶುರುವಾಗುವ ಮೊದಲು, ಗಂಡಸು ತಾನು ಕೂತಲ್ಲಿಂದಲೇ ಹೆಂಗಸನ್ನು ನೋಡಿ ಸಣ್ಣಗೆ ತಲೆಯಾಡಿಸಿ ಕೇಳುತ್ತಾನೆ. ಅವಳಿಗೆ ಇಷ್ಟವಿದ್ದರೆ ತೋರಿಸುತ್ತಾಳೆ, ಅವನು ಎದ್ದು ಬರುತ್ತಾನೆ. ಇಲ್ಲದಿದ್ದರೆ ಯಾರಿಗೂ ಗೊತ್ತಾಗದಂತೆ ಮುಗಿದುಹೋಗುತ್ತದೆ, ಯಾರಿಗೂ ಅವಮಾನವಿಲ್ಲ. ಟೀಚರ್ ಇದನ್ನು ವಿವರಿಸಿದ ದಿನ ಆಂಟಿಯ ಮುಖ ಅರಳಿದ್ದು ನನಗೆ ನೆನಪಿದೆ. ಡಾಲಸ್‌ನಿಂದ ವಾಪಸು ಬರುವ ದಾರಿಯಲ್ಲಿ ಕಾರಿನ ಕಿಟಕಿಯ ಕಡೆ ತಿರುಗಿಕೊಂಡು ಹೇಳಿದರು: "ಒಮ್ಮೆರೆ ಯಾರರೆ ನನ್ನ ಕೇಳಬೇಕು ನೋಡು, ಬರ್ತೀಯೇನು ಅಂತ. ಇಷ್ಟ. ಮುಂದಿಂದು ಏನೂ ಬ್ಯಾಡ ನನಗ."

ಇಷ್ಟೇ ಅವರ ಆಸೆ. ಇದರಲ್ಲಿ ಏನು ದೊಡ್ಡದು ಅನ್ನಿಸಬಹುದು. ನನಗೂ ಆಗ ಹಾಗೇ ಅನ್ನಿಸಿತ್ತು.

ಹಳೆಯ ಇಳಕಲ್ ಸೀರೆಯೊಂದನ್ನು ಕತ್ತರಿಸಿ ತಾವೇ ಸ್ಕರ್ಟು ಹೊಲಿದುಕೊಂಡರು, ಕೆಂಪು ದಡಿ ಕೆಳಗೆ ಬರುವಂತೆ. ನಾವು ಡಾಲಸ್ ಕೂಟಗಳಿಗೆ ಹೋದೆವು, ಆಗಾಗ ಆಸ್ಟಿನ್‌ಗೂ, ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ಹ್ಯೂಸ್ಟನ್‌ಗೂ. ನಾನು ಕುಣಿಯುವುದು ಸುಮಾರು, ಆದರೆ ಕೂತಲ್ಲಿಂದ ಎಲ್ಲರನ್ನೂ ದುರುಗುಟ್ಟಿ ನೋಡುತ್ತಿದ್ದೆ, ನಾಚಿಕೆ ಅನ್ನುವುದು ನನಗೆ ಮೊದಲೇ ಕಡಿಮೆ. ಒಂದು ಸುತ್ತೂ ನಾನು ಕೂರುತ್ತಿರಲಿಲ್ಲ. ಆಂಟಿ ಮಾತ್ರ ಹೋದಲ್ಲೆಲ್ಲ ಬೆನ್ನು ನೇರ ಮಾಡಿ, ಕೈ ಮಡಿಲಲ್ಲಿಟ್ಟು, ಮೊದಲಿನಿಂದ ಕೊನೆಯವರೆಗೆ ಕೂತೇ ಇರುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ವಯಸ್ಸಾದವಳು, ಕಪ್ಪಗಿರುವವಳು ಅಂತ ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಅವರನ್ನೆಲ್ಲ ಬೈದುಕೊಂಡೆ. ಆಂಟಿಯೂ ಹಾಗೇ ಅಂದುಕೊಂಡಿದ್ದರು. ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನು ಕೇಳಲಿಲ್ಲ.

ಹ್ಯೂಸ್ಟನ್ನಿನಲ್ಲಿ ಒಬ್ಬ ಮುದುಕನಿದ್ದ. ಅರ್ಜೆಂಟೀನಾದವನು, ಹಡಗಿನ ಕೆಲಸದಲ್ಲಿದ್ದು ಅಲ್ಲೇ ನೆಲೆ ನಿಂತವನು. ಬಿಳಿ ಕೂದಲು ಹಿಂದಕ್ಕೆ ಬಾಚಿ, ಕಡುನೀಲಿ ಸೂಟು ತೊಟ್ಟು ಗೋಡೆ ಗಡಿಯಾರದ ಕೆಳಗಿನ ಕುರ್ಚಿಯಲ್ಲಿ ಕೂರುತ್ತಿದ್ದ. ಎಲ್ಲರ ಜೊತೆ ಕುಣಿಯುವವನಲ್ಲ, ಇಡೀ ಮಧ್ಯಾಹ್ನಕ್ಕೆ ಒಂದೆರಡು ಸುತ್ತು. ಅವನು ಕುಣಿದರೆ ಉಳಿದವರು ಜಾಗ ಬಿಡುತ್ತಿದ್ದರು. ಅವನ ಸೂಟಿನ ಇಸ್ತ್ರಿಯನ್ನು ಆಂಟಿ ಮೊದಲ ದಿನವೇ ಮೆಚ್ಚಿದರು, ಯಾರು ಮಾಡ್ಯಾರೋ ಛಲೋ ಮಾಡ್ಯಾರ ಎಂದರು. ಆಮೇಲೆ ಹ್ಯೂಸ್ಟನ್ನಿನಿಂದ ವಾಪಸು ಬರುವಾಗಲೆಲ್ಲ ಒಂದೇ ಮಾತು. ಇವತ್ತೂ ನೋಡಿದ. ಬರಲಿಲ್ಲ. ನೋಡುವುದು ಯಾಕೆ ಹಾಗಾದರೆ ಎಂದು ನಾನು ಸಿಟ್ಟಾಗುತ್ತಿದ್ದೆ, ಆ ಮುದುಕನಿಗೆ ಸೊಕ್ಕು ಎನ್ನುತ್ತಿದ್ದೆ. ಸರಿಯಾಗಿ ನೋಡಿದ ಮೇಲೆ ಬ್ಯಾಡ ಅನಿಸಿರಬೇಕು ಬಿಡು ಎನ್ನುತ್ತಿದ್ದರು ಆಂಟಿ. ಮುಂದಿನ ತಿಂಗಳು ಮತ್ತೆ ಆ ಸ್ಕರ್ಟಿಗೆ ಇಸ್ತ್ರಿ ಹಾಕಿಕೊಂಡು ತಯಾರಾಗುತ್ತಿದ್ದರು.

ಆಸ್ಟಿನ್‌ನಲ್ಲಿ ಒಂದು ಶನಿವಾರ ಸಂಜೆ ನನ್ನ ಎಡಗಾಲು ಉಳುಕಿತು. ಕುಣಿಯುವಂತಿಲ್ಲ, ಆಂಟಿಯ ಪಕ್ಕ ಕೂತೆ. ಅಷ್ಟು ತಿಂಗಳಲ್ಲಿ ಮಿಲೋಂಗಾದಲ್ಲಿ ನಾನು ಅವರ ಪಕ್ಕ ಸುಮ್ಮನೆ ಕೂತದ್ದು ಅದೇ ಮೊದಲು. ಸುತ್ತು ಮುಗಿಯಿತು, ಜೋಡಿಗಳು ಚದುರಿದವು. ಎದುರಿನ ಸಾಲಿನಲ್ಲಿದ್ದ ಮಧ್ಯವಯಸ್ಸಿನ ಒಬ್ಬಾತ ನೇರ ಆಂಟಿಯನ್ನು ನೋಡಿದ, ತಲೆಯಾಡಿಸಿದ. ಸದ್ಯ, ಬಂದನಲ್ಲ ಒಬ್ಬ ಎಂದುಕೊಂಡೆ. ಪಕ್ಕಕ್ಕೆ ತಿರುಗಿದರೆ ಆಂಟಿ ತಲೆ ತಗ್ಗಿಸಿ ನೆಲ ನೋಡುತ್ತಾ ಕೂತಿದ್ದಾರೆ. ಅವನು ಒಂದು ಗಳಿಗೆ ಕಾದು, ಕಣ್ಣು ಬೇರೆ ಕಡೆ ಹೊರಳಿಸಿ, ಇನ್ನೊಬ್ಬಳ ಕಡೆ ನಡೆದ.

"ಆಂಟಿ, ಅವನಿಗ್ಯಾಕೆ ಬೇಡ ಅಂದ್ರಿ?"

"ನಾ ಎಲ್ಲಿ ಬ್ಯಾಡ ಅಂದೆ? ಹೂಂ ಅಂದೆನಲ್ಲ."

"ಎಲ್ಲಿ ಅಂದ್ರಿ? ತಲೆ ಬಗ್ಗಿಸ್ಕೊಂಡು ಕೂತಿದ್ರಿ."

"ಅದ ಹೂಂ ಅಲ್ಲೇನು?" ಆಂಟಿ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. "ಧಾರವಾಡದಾಗ ನಾ ತಲಿ ತಗ್ಗಿಸಿದ ಕೂಡಲೆ ಮನೀ ತುಂಬ ಸಕ್ಕರಿ ಹಂಚಿದ್ರು."

ನಮ್ಮ ಹೆಣ್ಣುಮಕ್ಕಳನ್ನು ನೋಡಲು ಬಂದಾಗ ಹುಡುಗ ಒಪ್ಪಿಗೆಯೇನವ್ವಾ ಎಂದು ಹಿರಿಯರು ಕೇಳುತ್ತಾರೆ. ಹುಡುಗಿ ತಲೆ ತಗ್ಗಿಸುತ್ತಾಳೆ. ತಲೆ ಎತ್ತಿ ಹುಡುಗನ ಮುಖ ನೋಡಿ ಹೂಂ ಅಂದವಳನ್ನು ನಾನಂತೂ ಕಂಡಿಲ್ಲ. ಮೌನಂ ಸಮ್ಮತಿ ಲಕ್ಷಣಂ. ಇಷ್ಟವಿದ್ದರೆ ತೋರಿಸಿ ಎಂದು ಟೀಚರ್ ಹೇಳಿದ್ದಳು, ಆಂಟಿ ತಮಗೆ ಗೊತ್ತಿದ್ದ ರೀತಿಯಲ್ಲಿ ತೋರಿಸಿದ್ದರು. ಕೌಂಟರಿನ ಹಿಂದೆ ಯಾರಿಗೂ ಬಗ್ಗದ ಹೆಂಗಸು, ಗಂಡಸೊಬ್ಬ ಬರ್ತೀಯಾ ಎಂದು ಕಣ್ಣಲ್ಲೇ ಕೇಳಿದ ಕೂಡಲೇ ಧಾರವಾಡದ ಪಡಸಾಲೆಯ ಹುಡುಗಿಯಾಗಿಬಿಡುತ್ತಿದ್ದರು. ಇಲ್ಲಿ ಕಣ್ಣು ತಪ್ಪಿಸಿದರೆ ಬೇಡ ಅಂತ, ಕಣ್ಣು ಕೀಳದೆ ತಲೆಯಾಡಿಸಿದರೆ ಮಾತ್ರ ಹೌದು ಅಂತ ನಾನು ಮೆಲ್ಲಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು.

ಆಂಟಿ ಕುಣಿಯುವವರ ಕಾಲುಗಳನ್ನು ನೋಡುತ್ತಿದ್ದರು. ಆಮೇಲೆ, "ಹಂಗಾರ ಹ್ಯೂಸ್ಟನ್ನಾಂವ?" ಎಂದರು. ಅವನೂ ಹಾಗೇ ತಿಳಿದಿರಬೇಕು ಆಂಟಿ ಎಂದೆ. ಅವರು ಕುಡಿಯಲು ನೀರು ಕೇಳಿದರು. ನಾನು ಕುಂಟುತ್ತಾ ಹೋಗಿ ತಂದುಕೊಟ್ಟೆ.

ಮರುದಿನ ಬೆಳಿಗ್ಗೆ ಆಸ್ಟಿನ್‌ನಿಂದ ಹೊರಟೆವು. ರೌಂಡ್ ರಾಕ್ ದಾರಿಯಲ್ಲೇ ಬರುತ್ತದೆ. ಪ್ರತಿ ಸಲ ಆ ಊರಿನ ಬೋರ್ಡು ಕಂಡಾಗ ನಾನು ವೇಗ ಹೆಚ್ಚಿಸುತ್ತಿದ್ದೆ. ಆ ದಿನ ಆಂಟಿ, ಇಲ್ಲಿ ತಿರುಗಿಸು, ನಿನ್ನ ಗಂಡನ ಮನೆಗೆ ನಡಿ ಎಂದರು. ಹಿಂದಿನ ಸೀಟಿನಿಂದ ಅವನ ಬ್ಲೇಜರು ಎತ್ತಿ ನನ್ನ ತೊಡೆಯ ಮೇಲಿಟ್ಟರು, ಅದನ್ನು ಯಾವಾಗ ಕಾರಿಗೆ ಹಾಕಿದ್ದರೋ ನನಗೆ ಗೊತ್ತೇ ಇಲ್ಲ. ಅವನಾಗಿ ಕರೆಯಲಿ ಅಂತ ಕಾಯುತ್ತಿದ್ದೇನೆ ಆಂಟಿ, ನಾನಾಗಿ ಹೋಗಿ ನಿಲ್ಲೋದು ಹೇಗೆ ಎಂದೆ. ಆಗ ಅವರು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ: "ಕಾಯೂದು ನಾ ಕಾದೇನಲ್ಲ, ಸಾಕು. ಮುಖ ನೋಡಿ ಕೇಳು. ಅಂವ ತಲಿ ತಗ್ಗಿಸಿದರ ಬಿಡಬ್ಯಾಡ, ಬಾಯಿಂದ ಹೇಳಿಸು."

ನನ್ನ ಗಂಡ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ಗೆ ಇಳಿದು ಬಂದ. ಬ್ಲೇಜರು ಕೈಗೆ ಕೊಟ್ಟೆ. ನಾನಿಲ್ಲಿಗೆ ಬರಲಾ ಬೇಡವಾ ಎಂದು ಮುಖ ನೋಡಿ ಕೇಳಿದೆ. ಅವನು ತಲೆ ತಗ್ಗಿಸಿದ. ನಾನು ಬಿಡಲಿಲ್ಲ. ಈಗ ಬೇಡ ಅಂದ. ಈಗ ಬೇಡವಾ, ಯಾವಾಗಲೂ ಬೇಡವಾ ಅಂದೆ. ಬ್ಲೇಜರಿಗೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಉಗುರಲ್ಲಿ ಕೆರೆಯುತ್ತಾ ನಿಂತು, ಕೊನೆಗೆ ಯಾವಾಗಲೂ ಅಂದ.

ಕಾರಿಗೆ ಬಂದು ಸ್ಟೀರಿಂಗ್ ಹಿಡಿದು ಅತ್ತೆ. ಆಂಟಿ ಸಮಾಧಾನ ಹೇಳಲಿಲ್ಲ. ಅತ್ತು ಮುಗಿಸಿ ಆಮೇಲೆ ಡ್ರೈವ್ ಮಾಡು ಎಂದರು, ಡಬ್ಬಿ ತೆಗೆದು ಅವಲಕ್ಕಿ ಕೊಟ್ಟರು. ಅವತ್ತು ನನ್ನ ಎದೆ ಒಡೆಯಿತು, ನಿಜ. ಆದರೆ ಅವತ್ತಿನಿಂದ ನಾನು ಕಾಯುವುದು ನಿಂತಿತು. ಆಂಟಿ ಇಲ್ಲದಿದ್ದರೆ ಇನ್ನೂ ಎಷ್ಟು ಚಳಿಗಾಲ ಫೋನು ಹಿಡಿದುಕೊಂಡು ಕೂತಿರುತ್ತಿದ್ದೆನೋ. ಆ ಋಣ ತೀರಿಸುವಂಥದಲ್ಲ.

ನನ್ನದು ಮುಗಿಯಿತು, ಅವರದು ಶುರುವಾಗಲಿ ಎಂದು ನಾನು ಆಸೆಪಟ್ಟೆ. ಹ್ಯೂಸ್ಟನ್ ಭಾನುವಾರ ಬರುವ ತನಕ ಆಂಟಿ ಅಂಗಡಿಯ ಹಿಂದಿನ ಕನ್ನಡಿಯ ಮುಂದೆ ನೋಡುವುದನ್ನು ಅಭ್ಯಾಸ ಮಾಡಿದರು. ಕನ್ನಡಿಯಲ್ಲಿ ತಮ್ಮನ್ನೇ ನೆಟ್ಟಗೆ ನೋಡಿ ತಲೆಯಾಡಿಸುವುದು, ರೆಪ್ಪೆ ಕೆಳಗೆ ಬೀಳದಂತೆ ತಡೆಯುವುದು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ತಾವೇ ನಗುತ್ತಿದ್ದರು. ಇಸ್ತ್ರಿಯವಳು ಗಂಡಸಿನಂತೆ ಎದುರು ಕೂತು ನೋಡುತ್ತಿದ್ದಳು, ಇಬ್ಬರೂ ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಹ್ಯೂಸ್ಟನ್‌ಗೆ ಹೋಗುವಾಗ ದಾರಿಯಲ್ಲಿ ಆಂಟಿ ಚಿಕ್ಕ ಹುಡುಗಿಯಂತೆ ಒಂದೇ ಸಮ ಮಾತಾಡಿದರು. ಅವನು ಈಗಲೂ ನೋಡುತ್ತಾನಾ, ಬೇಸತ್ತು ಬಿಟ್ಟಿದ್ದಾನಾ, ಹೋದ ತಿಂಗಳು ನೋಡಿದ್ದನಲ್ಲ, ನೋಡಿದ್ದ. ಅವರನ್ನು ಅಷ್ಟು ಖುಷಿಯಾಗಿ ನಾನು ಮತ್ತೆಂದೂ ನೋಡಲಿಲ್ಲ.

ಗಡಿಯಾರದ ಕೆಳಗಿನ ಕುರ್ಚಿ ಖಾಲಿ ಇತ್ತು. ತಡವಾಗಿ ಬರುತ್ತಾನೆ ಎಂದುಕೊಂಡು ಮೊದಲ ಸುತ್ತು ಕಳೆದೆವು. ಎರಡನೆಯ ಸುತ್ತಿನ ಹೊತ್ತಿಗೆ ಕೂಟ ನಡೆಸುವ ಹೆಂಗಸು ನಮ್ಮ ಹತ್ತಿರ ಬಂದು ಕೂತಳು. ಅವನು ಹೋದ ಸಲದ ಕೂಟ ಕಳೆದು ಸ್ವಲ್ಪ ದಿನಕ್ಕೆ ಮಲಗಿದಲ್ಲೇ ತೀರಿಕೊಂಡನಂತೆ, ಹೃದಯ ನಿಂತುಹೋಯಿತಂತೆ. ಹೇಳಿ ಕಣ್ಣೊರೆಸಿಕೊಂಡಳು. ಆಮೇಲೆ, ಒಂದು ಒಳ್ಳೆಯ ಮಾತು ತಲುಪಿಸುತ್ತಿದ್ದೇನೆ ಎನ್ನುವಂತೆ ನಗುತ್ತಾ ಆಂಟಿಯ ಕಡೆ ತಿರುಗಿದಳು. ಅವನು ಪ್ರತಿ ಸಲವೂ ನಿಮ್ಮ ಬಗ್ಗೆ ಕೇಳುತ್ತಿದ್ದ, ಕೆಂಪು ದಡಿಯ ಹೆಂಗಸು ಯಾರು ಎಂದು. ತನಗೆ ಜೀವನದಲ್ಲಿ ಇಲ್ಲ ಅಂದವರು ಬಹಳ ಮಂದಿ, ಆದರೆ ಇಷ್ಟು ಮರ್ಯಾದೆಯಿಂದ ತಲೆಬಾಗಿ ಇಲ್ಲ ಅಂದವಳು ಇವಳೊಬ್ಬಳೇ ಅನ್ನುತ್ತಿದ್ದ. ನಿಮ್ಮ ಗಂಡ ಇಲ್ಲ ಎಂದು ನಾನೇ ಅವನಿಗೆ ಹೇಳಿದ್ದೆ, ತೀರಿಹೋದ ಗಂಡನ ಮೇಲೆ ಅಷ್ಟು ಪ್ರೀತಿ ಇರಬೇಕು, ಆದರೂ ಕೇಳದೆ ಇರಲು ತನ್ನಿಂದ ಆಗುವುದಿಲ್ಲ ಅನ್ನುತ್ತಿದ್ದ.

ನಾನು ಬಾಯಿ ತೆರೆದೆ. ಹಾಗಲ್ಲ, ಇವರು ಹೌದು ಅಂದದ್ದು ಎಂದು ಹೇಳಿಬಿಡಬೇಕು ಅನ್ನಿಸಿತು. ಆಂಟಿ ನನ್ನ ಮೊಣಕೈ ಹಿಡಿದು ಒತ್ತಿದರು. ಯಾರಿಗೆ ಹೇಳುವುದು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆ ಹೆಂಗಸು ಆಂಟಿಯ ಕೈ ತಟ್ಟಿ ಎದ್ದುಹೋದಳು.

ಮುಂದಿನ ಸುತ್ತಿಗೆ ಯಾರೋ ಒಬ್ಬ ಆಂಟಿಯನ್ನು ನೋಡಿದ. ಆಂಟಿ ಅವನನ್ನು ನೆಟ್ಟಗೆ ನೋಡಿ ತಲೆಯಾಡಿಸಿದರು. ಅವನು ಎದ್ದು ಬಂದ. ಆಂಟಿ ಆ ಸುತ್ತಿನ ಎಲ್ಲ ಹಾಡಿಗೂ ಕುಣಿದರು, ಒಂದು ಹೆಜ್ಜೆಯೂ ತಪ್ಪಲಿಲ್ಲ. ಟ್ಯಾಂಗೋದಲ್ಲಿ ಹೆಂಗಸರು ಸಾಮಾನ್ಯವಾಗಿ ಕಣ್ಣು ಮುಚ್ಚಿಕೊಂಡು ಕುಣಿಯುತ್ತಾರೆ. ಅವರು ಕಣ್ಣು ತೆರೆದೇ ಇದ್ದರು, ತಿರುಗುವಾಗಲೆಲ್ಲ ಆ ಖಾಲಿ ಕುರ್ಚಿಯ ಕಡೆ ನೋಡುತ್ತಿದ್ದರು. ಸುತ್ತು ಮುಗಿದ ಮೇಲೆ ಬಂದು ಕೂತು, ಚಪ್ಪಲಿಯ ಪಟ್ಟಿ ಬಿಚ್ಚಿ, ಚೀಲಕ್ಕೆ ಹಾಕಿದರು. ನಡಿ ಎಂದರು. ಅಂಕಲ್ ಹೇಳುತ್ತಿದ್ದ ಹಾಗೆ.

ಹ್ಯೂಸ್ಟನ್ ದಾಟಿ ಬಹಳ ದೂರ ಬಂದ ಮೇಲೆ ಮಾತಾಡಿದರು. "ಆ ಹಾಡಿನ್ಯಾಗ ಒಬ್ಬಾಕಿ ಬರತಾಳಲ್ಲ, ಕಲ್ಲುಮನಸ್ಸಿನಾಕಿ. ಆಕಿ ಏನಂತಾಳ ಅಂತ ನಾ ಕೇಳತಿದ್ದೆ." ಮಡಿಲಲ್ಲಿದ್ದ ಚಪ್ಪಲಿಯ ಚೀಲ ಕೆಳಗಿಟ್ಟರು. "ಆಕಿ ಹೂಂ ಅಂದಿದ್ಲು. ಆಕಿ ನಾನ ಇದ್ದೆ, ನನಗ ಗೊತ್ತ ಇರಲಿಲ್ಲ."

ನಾನು ಏನೇನೋ ಹೇಳಿದೆ. ಅವನು ನಿಮ್ಮನ್ನು ಕೇಳಿದ್ದನಲ್ಲ ಆಂಟಿ, ಒಂದಲ್ಲ ಹತ್ತಾರು ಸಲ ಕೇಳಿದ್ದ, ನಿಮ್ಮ ಆಸೆ ಈಡೇರಿತಲ್ಲ ಎಂದೆ. ಹೇಳುವಾಗಲೇ ಅದು ಎಂಥ ಬಡ ಸಮಾಧಾನ ಎಂದು ನನಗೆ ಗೊತ್ತಿತ್ತು. ಕೇಳಿದವನು ಇವರು ಬೇಡ ಅಂದರು ಎಂದು ತಿಳಿದುಕೊಂಡೇ ಸತ್ತ. ತಮಗಾಗಿ ಯಾವ ಗಂಡಸೂ ಮರುಗಲಿಲ್ಲ ಎಂದು ಆಂಟಿ ನಂಬಿದ್ದರು. ಮರುಗಿದವನೊಬ್ಬನಿದ್ದ, ಅವನನ್ನು ಮರುಗಿಸಿದ್ದು ತಾವೇ ಎಂದು ತಿಳಿಯುವುದಕ್ಕಿಂತ ಆ ಮೊದಲಿನ ನಂಬಿಕೆಯೇ ಮೇಲಾಗಿತ್ತು.

ಆಂಟಿ ಮತ್ತೆ ಟ್ಯಾಂಗೋಗೆ ಹೋಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಡು ಹಾಕುವುದನ್ನು ಇಸ್ತ್ರಿಯವಳು ತಾನಾಗಿಯೇ ನಿಲ್ಲಿಸಿದಳು. ಯಾರೂ ಒಯ್ಯದ ಬಟ್ಟೆಗಳ ಸಾಲನ್ನು ಆಂಟಿ ಒಂದು ಮಧ್ಯಾಹ್ನ ಇಳಿಸಿ ಅಷ್ಟನ್ನೂ ದಾನಕ್ಕೆ ಕಳಿಸಿದರು. ಬಂದು ಕೇಳಿದರೆ ಏನು ಹೇಳುತ್ತೀರಿ ಎಂದೆ. ಯಾರೂ ಬರಂಗಿಲ್ಲ ಎಂದರು. ಕೆಲವು ವರ್ಷಕ್ಕೆ ಅಂಗಡಿಯನ್ನೂ ಮಾರಿ ಡಾಲಸ್ ಆಚೆಯ ಪ್ರಾಸ್ಪರ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದ ಮಗಳ ಜೊತೆ ಇರಲು ಹೋದರು. ಅಲ್ಲಿ ಮೊಮ್ಮಕ್ಕಳು ಅವರ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು, ಇವರು ಅದಕ್ಕೂ ಹೂಂ ಅನ್ನುತ್ತಿದ್ದರು. ಅಲ್ಲಿಗೆ ಹೋದ ಮೇಲೆಯೇ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾದದ್ದು. ಗೊತ್ತಾದ ಮೇಲೆ ಅವರು ಬಹಳ ದಿನ ಉಳಿಯಲಿಲ್ಲ.

ಕೊನೆಯ ಸಲ ನೋಡಲು ಹೋದದ್ದು ಒಂದು ಮಧ್ಯಾಹ್ನ. ಮಾಳಿಗೆಯ ಕೋಣೆ, ಕಿಟಕಿಯ ಹೊರಗೆ ಅರ್ಧ ಕಟ್ಟಿದ ಮನೆಗಳ ಸಾಲು. ಆಂಟಿ ದಿಂಬಿಗೆ ಒರಗಿ ಕೂತಿದ್ದರು, ಇಷ್ಟೇ ಇಷ್ಟಾಗಿದ್ದರು. ಹೊದಿಕೆಯಿಂದ ಪಾದ ಹೊರಗೆ ಬಂದಿತ್ತು, ಬೆರಳಿನ ಬುಡದ ಗುರುತು ಹಾಗೇ ಇತ್ತು. ಏನು ಬೇಕು ಆಂಟಿ ಎಂದೆ. ಅವರು ಒಂದು ಮಾತು ಕೇಳಿದರು: "ಅವಂಗ ಯಾರರೆ ಹೇಳಿರಬಹುದೇನು, ನಾ ಹೂಂ ಅಂದಿದ್ದೆ ಅಂತ?" ನಾನು ಸುಳ್ಳು ಹೇಳಲು ನೋಡಿದೆ, ಆಗಲಿಲ್ಲ. ಇಲ್ಲ ಆಂಟಿ ಎಂದೆ.

ಆಮೇಲೆ ನನಗೆ ಏನು ಮಾಡಬೇಕೋ ತೋಚಲಿಲ್ಲ. ಫೋನಿನಲ್ಲಿ ಒಂದು ಹಳೆಯ ಟ್ಯಾಂಗೋ ಹಾಡು ಹಾಕಿ ಮೇಜಿನ ಮೇಲಿಟ್ಟೆ. ಎದ್ದು ಹೋಗಿ ಎದುರಿನ ಗೋಡೆಯ ಹತ್ತಿರದ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ಅವರ ಕಣ್ಣು ನೋಡಿ, ಹ್ಯೂಸ್ಟನ್ನಿನ ಗಂಡಸರು ಕೇಳುವಂತೆ ಸಣ್ಣಗೆ ತಲೆಯಾಡಿಸಿದೆ. ಆಂಟಿ ನನ್ನನ್ನು ಬಹಳ ಹೊತ್ತು ನೋಡಿದರು. ಕನ್ನಡಿಯ ಮುಂದೆ ಕಲಿತದ್ದನ್ನೆಲ್ಲ ಬಿಟ್ಟು, ಧಾರವಾಡದಲ್ಲಿ ಮಾಡಿದ ಹಾಗೆ ಮೆಲ್ಲಗೆ ತಲೆ ತಗ್ಗಿಸಿದರು. ನಾನು ಎದ್ದು ಹೋಗಿ ಅವರ ಕೈ ಹಿಡಿದು ಹಾಡು ಮುಗಿಯುವವರೆಗೆ ಮಂಚದ ಮೇಲೆ ಕೂತೆ. ಅವರು ಹೂಂ ಅಂದದ್ದು ನನಗಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.